ಕನ್ನಡಕ್ಕೆ ಅನುವಾದಿಸಿದ ಸ್ಕೇಲಿನ ಆಲ್ಫಾ 0.61 ಬಂದಿದೆ, 8ನೇ ಹೇಳಿಕೆ ತೆಗೆದುಬಿಡಲೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಧಾರವಾಡದಲ್ಲಿ ಎಂ.ಎ. ಪ್ರಾಜೆಕ್ಟಿಗಾಗಿ ರೋಸೆನ್‌ಬರ್ಗ್ ಅವರ ಆತ್ಮಗೌರವ ಸ್ಕೇಲನ್ನು (1965, 10 ಹೇಳಿಕೆ) ಕನ್ನಡಕ್ಕೆ ತಂದಿದ್ದೀರಿ. ಒಂದೇ ಕಾಲೇಜಿನ 60 ವಿದ್ಯಾರ್ಥಿಗಳಿಗೆ ಕೊಟ್ಟಾಗ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.61 ಬಂದಿದೆ. 8ನೇ ಹೇಳಿಕೆ ತೆಗೆದರೆ 0.70 ದಾಟುತ್ತದೆ ಎಂದು ಸಾಫ್ಟ್‌ವೇರ್ ತೋರಿಸುತ್ತಿದೆ. ತೆಗೆದು, "ವಿಶ್ವಾಸಾರ್ಹತೆ ಮತ್ತು ಸಿಂಧುತ್ವ ಸಾಬೀತಾಗಿದೆ" (ಅಂದರೆ ಅಳತೆ ಸ್ಥಿರವಾಗಿದೆ, ಅಳೆಯಬೇಕಾದದ್ದನ್ನೇ ಅಳೆಯುತ್ತಿದೆ) ಎಂದು ಬರೆಯಬಹುದೇ ಎಂಬುದು ನಿಮ್ಮ ಅನುಮಾನ.

ಈಗಲೇ ತೆಗೆಯಬೇಡಿ. ಆ ಹೇಳಿಕೆ ಯಾಕೆ ಕೈಕೊಟ್ಟಿತು ಎಂದು ತಿಳಿಯದೆ ಕಿತ್ತುಹಾಕಿದರೆ ಅನುವಾದದ ದೋಷ ಮುಚ್ಚಿಹೋಗುತ್ತದೆ. ಜೊತೆಗೆ, 9 ಹೇಳಿಕೆಗಳ ಅಂಕವನ್ನು ಬೇರೆಯವರ 10 ಹೇಳಿಕೆಗಳ ಅಂಕದ ಜೊತೆ ಹೋಲಿಸಲು ಬರುವುದಿಲ್ಲ.

ಮೊದಲು ಎಕ್ಸೆಲ್ ಹಾಳೆ ತೆಗೆದು ನೋಡಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಕ್ರಮದಲ್ಲಿ 2, 5, 6, 8, 9 ಉಲ್ಟಾ ಹೇಳಿಕೆಗಳು, ಅಂದರೆ ಒಪ್ಪಿದರೆ ಆತ್ಮಗೌರವ ಕಡಿಮೆ ಎಂದಾಗುವಂಥವು. ಉತ್ತರಗಳನ್ನು 1ರಿಂದ 4 ಎಂದು ತುಂಬಿದ್ದರೆ ಇವುಗಳಿಗೆ 5ರಿಂದ ಕಳೆಯಬೇಕು, 0ರಿಂದ 3 ಎಂದು ತುಂಬಿದ್ದರೆ 3ರಿಂದ. ಒಂದೇ ಒಂದು ಕಾಲಂ ತಿರುಗಿಸಲು ಮರೆತರೂ ಆಲ್ಫಾ ಕುಸಿಯುತ್ತದೆ. ಆಮೇಲೆ ಪ್ರತಿ ಹೇಳಿಕೆಗೂ ಉಳಿದ 9ರ ಮೊತ್ತಕ್ಕೂ ಇರುವ ಸಹಸಂಬಂಧ (ಒಂದು ಏರಿದಾಗ ಇನ್ನೊಂದು ಎಷ್ಟರ ಮಟ್ಟಿಗೆ ಜೊತೆಗೆ ಏರುತ್ತದೆ ಎಂಬುದು) ನೋಡಿ. 0.30ಕ್ಕಿಂತ ಕೆಳಗಿದ್ದರೆ ಸಂಶಯ ಪಡಿ. ಋಣಾತ್ಮಕ ಬಂದರೆ ಒಂದೋ ಕೋಡಿಂಗ್ ತಪ್ಪಿದೆ, ಇಲ್ಲವೇ ಕನ್ನಡದಲ್ಲಿ ಅರ್ಥವೇ ತಿರುಗಿದೆ.

8ನೇ ಹೇಳಿಕೆಯಲ್ಲಿ ಆಗಿರುವುದು ಎರಡನೆಯದೇ ಎಂದು ನನ್ನ ಅಂದಾಜು. ನೀವು "ನನ್ನ ಬಗ್ಗೆ ನನಗೆ ಇನ್ನಷ್ಟು ಗೌರವ ಇರಲಿ ಎಂದು ಬಯಸುತ್ತೇನೆ" ಎಂದು ಬರೆದಿದ್ದೀರಿ. ಇಂಗ್ಲಿಷ್ ಮೂಲದ ಒಳಗೆ "ಈಗ ಇರುವುದು ಸಾಲದು" ಎಂಬ ಕೊರಗು ಇದೆ. ನಿಮ್ಮ ಕನ್ನಡದಲ್ಲಿ ಅದು ಒಳ್ಳೆಯ ಹಾರೈಕೆಯಾಗಿದೆ, ಯಾರು ಬೇಡವೆಂದಾರು? ಆತ್ಮವಿಶ್ವಾಸ ತುಂಬಿದ ಹುಡುಗಿಯೂ "ಪೂರ್ತಿ ಒಪ್ಪುತ್ತೇನೆ" ಎಂದೇ ಗುರುತು ಹಾಕುತ್ತಾಳೆ. ಮೇಲಾಗಿ ನಮ್ಮ ಕಡೆ ಗೌರವ ಅಂದರೆ ಮಂದಿ ಕೊಡುವುದು, "ಮರ್ಯಾದಿ". ಚೀನೀ, ಮಲಯ್ ಅನುವಾದಗಳಲ್ಲೂ ಇದೇ ಹೇಳಿಕೆ ತೊಂದರೆ ಕೊಟ್ಟಿದೆ, ಹಾಗಾಗಿ ತಪ್ಪು ನಿಮ್ಮೊಬ್ಬರದೇ ಅಲ್ಲ. "ನನ್ನ ಬಗ್ಗೆ ನನಗಿರುವ ಗೌರವ ಸಾಲದು ಅನಿಸುತ್ತದೆ" ಎಂದು ತಿದ್ದಿ ನೋಡಿ.

5ನೆಯದನ್ನೂ ನೋಡಿ: "ಹೆಮ್ಮೆ ಪಡುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ." ಇದನ್ನು ಓದಿ ಹೇಳಿದಾಗ ಎದುರಿನವರು "ಇಲ್ರಿ" ಅಂದರೆ ಏನೆಂದು ಬರೆದುಕೊಳ್ಳುತ್ತೀರಿ? "ಹೌದು, ಹೆಮ್ಮೆ ಪಡುವಂಥದ್ದು ಏನೂ ಇಲ್ಲ" ಎಂದೂ ಆಗಬಹುದು, "ಹಾಂಗೇನಿಲ್ಲ" ಎಂದೂ ಆಗಬಹುದು. ಕಾಗದದ ಮೇಲೂ ಹೇಳಿಕೆಯಲ್ಲೊಂದು "ಇಲ್ಲ", ಉತ್ತರದಲ್ಲೊಂದು "ಒಪ್ಪುವುದಿಲ್ಲ" ಸೇರಿ ಗೊಂದಲವಾಗುತ್ತದೆ. "ಹೆಮ್ಮೆ ಪಡುವಂಥದ್ದು ನನ್ನಲ್ಲಿ ಇರುವುದು ತೀರಾ ಕಡಿಮೆ" ಎಂದರೆ ಈ ತೊಡಕು ಇಲ್ಲ. ಓದಿ ಕೇಳುವುದಾದರೆ ನಾಲ್ಕು ಉತ್ತರಗಳ ಕಾರ್ಡು ಮುಂದಿಟ್ಟು ಬೆರಳಿಂದ ತೋರಿಸಲು ಹೇಳಿ. 6ನೆಯದರಲ್ಲಿ "ಕೆಲಸಕ್ಕೆ ಬಾರದವನು" ಎಂದು ಬರೆದಿದ್ದೀರಿ. ಹುಡುಗಿಯರು ಅದನ್ನು ತಮ್ಮ ಮಾತೆಂದು ಓದುವುದು ಹೇಗೆ? "ನನ್ನಿಂದ ಯಾವ ಉಪಯೋಗವೂ ಇಲ್ಲ" ಎಂದರೆ ಲಿಂಗದ ಪ್ರಶ್ನೆ ಬರುವುದಿಲ್ಲ, ಆದರೆ ಮತ್ತೆ "ಇಲ್ಲ" ಬರುತ್ತದೆ. "ಕೆಲವೊಮ್ಮೆ ನಾನು ನಿರುಪಯುಕ್ತ ಅನಿಸುತ್ತದೆ" ಎಂಬುದನ್ನೂ ಹುಡುಗ ಹುಡುಗಿಯರಿಬ್ಬರ ಮುಂದಿಟ್ಟು ಯಾವುದು ತಿಳಿಯುತ್ತದೆ ಕೇಳಿ.

ಮರು ಅನುವಾದ (ಕನ್ನಡದಿಂದ ಮತ್ತೆ ಇಂಗ್ಲಿಷಿಗೆ) ಮಾಡಿಸಿದ್ದೇನಲ್ಲ, ಅದು ಸರಿಯಾಗಿಯೇ ಬಂತಲ್ಲ ಎನ್ನುತ್ತೀರಿ. 1970ರಲ್ಲಿ ಸಂಶೋಧಕ ಬ್ರಿಸ್ಲಿನ್ ಹೇಳಿಕೊಟ್ಟ ಆ ವಿಧಾನ ಬೇಕೇ ಬೇಕು, ಆದರೆ ಅದು ಅಕ್ಷರಶಃ ಅನುವಾದವನ್ನು ಸುಲಭವಾಗಿ ಪಾಸು ಮಾಡುತ್ತದೆ. "ನಾನು ನನ್ನ ಬಗ್ಗೆ ಸಕಾರಾತ್ಮಕ ಮನೋಭಾವ ಹೊಂದಿದ್ದೇನೆ" ಎಂಬುದು ಇಂಗ್ಲಿಷಿಗೆ ಅಚ್ಚುಕಟ್ಟಾಗಿ ಮರಳುತ್ತದೆ, ಗದಗಿನ ಹಳ್ಳಿಯಿಂದ ಬಂದ ಮೊದಲ ವರ್ಷದ ವಿದ್ಯಾರ್ಥಿಗೆ ಮಾತ್ರ ತಲುಪುವುದಿಲ್ಲ. ಅದಕ್ಕೇ 8–10 ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿ. ಹುಬ್ಬಳ್ಳಿ ಪೇಟೆಯವರು, ಹಾವೇರಿ-ಗದಗ ತಾಲೂಕುಗಳವರು, ಮನೆಯಲ್ಲಿ ಉರ್ದು, ಲಂಬಾಣಿ ಆಡುವವರು ಎಲ್ಲರೂ ಇರಲಿ. "ಅರ್ಥ ಆತೇನು?" ಅಂತ ಕೇಳಬೇಡಿ, ಎಲ್ಲರೂ "ಆತ್ರಿ" ಅಂದೇ ಅನ್ನುತ್ತಾರೆ. "ಇದನ್ನ ನಿಮ್ಮ ಮಾತಿನ್ಯಾಗ ಹೇಳ್ರಿ" ಅನ್ನಿ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಹಂತಕ್ಕೆ, ವಿದ್ಯಾರ್ಥಿಗಳು ಬಿಟ್ಟುಬಿಡುವುದೂ ಇದನ್ನೇ.

ತಿದ್ದಿದ ಹೇಳಿಕೆಗಳನ್ನು 6 ಜನ ತಜ್ಞರಿಗೆ ಕೊಟ್ಟು ಪ್ರಸ್ತುತತೆಗೆ 1ರಿಂದ 4 ಅಂಕ ಹಾಕಿಸಿ. 3 ಅಥವಾ 4 ಕೊಟ್ಟವರು ಆರರಲ್ಲಿ ಐವರಿದ್ದರೆ ಒಪ್ಪಿದವರ ಪಾಲು 0.83, ಹೇಳಿಕೆ ಉಳಿಯುತ್ತದೆ. ನಾಲ್ವರಿದ್ದರೆ 0.67, ಮತ್ತೆ ತಿದ್ದಬೇಕು. ವಾಡಿಕೆಯ ಗಡಿ 0.78.

ಈಗ ನಿಮ್ಮ 0.61ರ ವಿಷಯ. 60 ಜನರಲ್ಲಿ ಬಂದ ಈ ಸಂಖ್ಯೆಯ 95% ವಿಶ್ವಾಸಾಂತರ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) ಸುಮಾರು 0.45ರಿಂದ 0.74, ಅಷ್ಟು ಅಗಲ. ಆಲ್ಫಾ ಹೇಳಿಕೆಗಳ ಸಂಖ್ಯೆಯ ಮೇಲೂ ನಿಂತಿದೆ: ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ 0.30 ಇದ್ದರೆ 5 ಹೇಳಿಕೆಗೆ 0.68, 10ಕ್ಕೆ 0.81. ಅಂದರೆ 0.70 ದಾಟಿದ ಮಾತ್ರಕ್ಕೆ ಸ್ಕೇಲು ಒಂದೇ ಗುಣವನ್ನು ಅಳೆಯುತ್ತಿದೆ ಎಂದಾಗಲಿಲ್ಲ. ವಿಶ್ವಾಸಾರ್ಹತೆಯ ಇನ್ನೊಂದು ಅಳತೆಯಾದ ಒಮೆಗಾವನ್ನೂ ಜೊತೆಗೆ ಕೊಡಿ. ಜಮೋವಿ, ಜಾಸ್ಪ್ ಎಂಬ ಸಾಫ್ಟ್‌ವೇರ್ ಎರಡೂ ಉಚಿತ, ಎರಡರಲ್ಲೂ ಸಿಗುತ್ತದೆ.

ಕಾಲಾಂತರದ ಸ್ಥಿರತೆಗೆ 50ಕ್ಕೂ ಹೆಚ್ಚು ಜನರಿಗೆ 2 ವಾರ ಬಿಟ್ಟು ಮತ್ತೆ ಕೊಡಿ. ನಡುವೆ ಸೆಮಿಸ್ಟರ್ ಫಲಿತಾಂಶ ಬರದ ಹಾಗೆ ನೋಡಿಕೊಳ್ಳಿ, ಫಲಿತಾಂಶ ಆತ್ಮಗೌರವವನ್ನೇ ಅಲುಗಿಸುತ್ತದೆ. ಹೆಸರು ಬೇಡ; ತಾಯಿಯ ಹೆಸರಿನ ಮೊದಲ ಅಕ್ಷರ ಮತ್ತು ಮೊಬೈಲಿನ ಕೊನೆಯ ಎರಡು ಅಂಕಿ ಬರೆಸಿದರೆ ಎರಡು ಹಾಳೆ ಜೋಡಿಸಬಹುದು. ಇಲ್ಲಿ ಪಿಯರ್ಸನ್ ಸಹಸಂಬಂಧ ಸಾಲದು. ಎರಡನೇ ಸಲ ಎಲ್ಲರಿಗೂ 3 ಅಂಕ ಏರಿದರೂ ಅದು 1.00 ಎಂದೇ ತೋರಿಸುತ್ತದೆ. ಐಸಿಸಿ (ಎರಡು ಸಲದ ಅಂಕಗಳು ಎಷ್ಟು ಒಂದೇ ಆಗಿವೆ ಎಂದು ತೋರಿಸುವ ಸಹಸಂಬಂಧ) ಹಾಕಿ, "ಸಂಪೂರ್ಣ ಹೊಂದಾಣಿಕೆ" ಬಗೆಯದು, 0.75 ದಾಟಿದರೆ ಒಳ್ಳೆಯದು.

ರಚನೆ, ಅಂದರೆ ಹೇಳಿಕೆಗಳು ಎಷ್ಟು ಗುಂಪಾಗಿ ಬೀಳುತ್ತವೆ ಎಂಬುದನ್ನು, ಪರೀಕ್ಷಿಸಲು 60 ಜನ ಸಾಲುವುದಿಲ್ಲ, 200 ಆದರೂ ಬೇಕು. ನಾಲ್ಕೇ ಉತ್ತರಗಳಿರುವುದರಿಂದ ಪಾಲಿಕೋರಿಕ್ ಸಹಸಂಬಂಧ (ಹೀಗೆ ಮೆಟ್ಟಿಲುಗಳಂತಿರುವ ಉತ್ತರಗಳಿಗೆಂದೇ ಇರುವುದು) ಬಳಸಿ. ನೇರ ಹೇಳಿಕೆಗಳು ಒಂದು ಗುಂಪು, ಉಲ್ಟಾ ಹೇಳಿಕೆಗಳು ಇನ್ನೊಂದು ಗುಂಪು ಆಗಿ ಬಂದರೆ "ಆತ್ಮನಿಂದೆ" ಎಂಬ ಹೊಸ ಅಂಶ ಸಿಕ್ಕಿತು ಎಂದು ಬರೆಯಬೇಡಿ. ಅದು ಬಹುತೇಕ ವಾಕ್ಯರಚನೆಯ ಪರಿಣಾಮ, ಈ ಸ್ಕೇಲಿನಲ್ಲಿ ಇಂಗ್ಲಿಷಿನಲ್ಲೂ ಕಾಣುವಂಥದ್ದು. ದೃಢೀಕರಣದ ವಿಶ್ಲೇಷಣೆಯನ್ನು (ಸಿಕ್ಕ ರಚನೆ ಹೊಸಬರಲ್ಲೂ ಹೊಂದುತ್ತದೆಯೇ ಎಂಬ ಪರೀಕ್ಷೆ) ಬೇರೆ 200 ಜನರ ಮೇಲೆ ಮಾಡಿ. ಸಿಎಫ್‌ಐ 0.95ರ ಹತ್ತಿರ, ಆರ್‌ಎಂಎಸ್‌ಇಎ 0.06ರ ಹತ್ತಿರ ಬಂದರೆ ಸಾಕು; ಇವೆರಡೂ ರಚನೆ ದತ್ತಾಂಶಕ್ಕೆ ಎಷ್ಟು ಹೊಂದಿತು ಎಂದು ಹೇಳುವ ಸೂಚಿಗಳು.

ಸಿಂಧುತ್ವ ಎಂಬುದು ಆಲ್ಫಾದಿಂದ ತಾನಾಗಿ ಬರುವುದಿಲ್ಲ. ಆತ್ಮಗೌರವ ಹೆಚ್ಚಿದ್ದವರಲ್ಲಿ ಖಿನ್ನತೆಯ ಅಂಕ ಕಡಿಮೆ, ಜೀವನತೃಪ್ತಿ ಹೆಚ್ಚು ಇರಬೇಕು ಎಂಬ ನಿರೀಕ್ಷೆಯನ್ನು ದತ್ತಾಂಶ ನೋಡುವ ಮೊದಲೇ ಬರೆದಿಟ್ಟು ಆಮೇಲೆ ಪರೀಕ್ಷಿಸಿ. ವಿಶ್ವಾಸಾರ್ಹತೆ 0.61 ಇರುವ ಸ್ಕೇಲನ್ನು 0.80 ಇರುವ ಇನ್ನೊಂದರ ಜೊತೆ ಹೋಲಿಸಿದರೆ ಸಹಸಂಬಂಧ ಹೆಚ್ಚೆಂದರೆ 0.70 ತಲುಪೀತು, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎರಡೂ ಭಾಷೆ ಚೆನ್ನಾಗಿ ಬಲ್ಲ 30–40 ಜನ ಸಿಕ್ಕರೆ ಇಂಗ್ಲಿಷ್, ಕನ್ನಡ ಎರಡನ್ನೂ ತುಂಬಿಸಿ, ಅರ್ಧ ಜನರಿಗೆ ಕನ್ನಡ ಮೊದಲು. ಹೇಳಿಕೆವಾರು ಹೋಲಿಸಿದರೆ ಯಾವ ವಾಕ್ಯ ಜಾರಿದೆ ಎಂಬುದು ಕಾಣುತ್ತದೆ. ಮತ್ತೆ, ನಿಮ್ಮ ಈಗಿನ 60 ಹಾಳೆಗಳನ್ನು ಪೈಲಟ್ ಎಂದು ಎತ್ತಿಡಿ. ತಿದ್ದಿದ ಮೇಲೆ ಬರುವ ಹೊಸ ಉತ್ತರಗಳ ಜೊತೆ ಸೇರಿಸಬೇಡಿ. ಅವರು ಉತ್ತರಿಸಿದ್ದು ಬೇರೆ ವಾಕ್ಯಗಳಿಗೆ.