ಕೇಳಿ, ಹೇಳ್ತೀನಿ: ಟ್ರಿಗರ್ ಕೊಳ್ಳುವ ಮುಂಚೆ ಕ್ಯಾಮೆರಾದ ತಲೆ ನೋಡಿ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ವೈರ್‌ಲೆಸ್ ಫ್ಲ್ಯಾಶ್ ಟ್ರಿಗರ್ ಬಗ್ಗೆಯೇ ಇವೆ, ಅಂದರೆ ದೂರದಲ್ಲಿಟ್ಟ ಫ್ಲ್ಯಾಶನ್ನು ಕ್ಯಾಮೆರಾದಿಂದ ವೈರಿಲ್ಲದೆ ಹೊಡೆಸುವ ಸಾಧನ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಗುಬ್ಬಿಯ ತಮ್ಮನ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದೇ ತೊಂದರೆ ಹೇಳಿಕೊಂಡು ತುಮಕೂರಿನ ನಮ್ಮ ಸ್ಟುಡಿಯೋಗೆ ವಾರಕ್ಕೊಬ್ಬರಾದರೂ ಬರುತ್ತಾರೆ.

ಪ್ರಶ್ನೆ: ಅಕ್ಕ, ನಮ್ಮದು ಗುಬ್ಬಿ ಹತ್ತಿರ ಒಂದು ಹಳ್ಳಿ. ಊರಹಬ್ಬಕ್ಕೆ ಪೌರಾಣಿಕ ನಾಟಕ ಆಡ್ತಾರೆ. ನನಗೆ ಸ್ಟೇಜಿಗಿಂತ ಬಣ್ಣದ ಮನೆಯಲ್ಲಿ ವೇಷ ಕಟ್ಟೋದನ್ನ ಫೋಟೋ ತೆಗೆಯೋದು ಇಷ್ಟ. ನನ್ನದು ಕ್ಯಾನನ್ 200ಡಿ ಮಾರ್ಕ್ 2. ಗೆಳೆಯನ ಟ್ರಿಗರ್ ಇಸಕೊಂಡು ಹಾಕಿದರೆ ಫ್ಲ್ಯಾಶ್ ಹೊಡೆಯೋದೇ ಇಲ್ಲ. ಅವನ ಹಳೇ ಕ್ಯಾಮೆರಾದಲ್ಲಿ ಸರಿಯಾಗಿ ಹೊಡೆಯುತ್ತೆ. ನನ್ನ ಕ್ಯಾಮೆರಾ ಕೆಟ್ಟಿದೆಯಾ? ₹12,000 ಕೂಡಿಟ್ಟಿದ್ದೀನಿ. ಏನು ತಗೊಳ್ಳಲಿ?

ಉತ್ತರ: ತಮ್ಮಾ, ಕ್ಯಾಮೆರಾ ಕೆಟ್ಟಿಲ್ಲ. ರಿಪೇರಿಗೆ ಕೊಟ್ಟು ದುಡ್ಡು ಕಳೆಯಬೇಡ.

ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ ಇದೆಯಲ್ಲ, ಹಾಟ್‌ಶೂ, ಅದನ್ನು ಬೆಳಕಿಗೆ ಹಿಡಿದು ನೋಡು. ಗೆಳೆಯನ ಕ್ಯಾಮೆರಾದಲ್ಲಿ ನಟ್ಟನಡುವೆ ಹೊಳೆಯುವ ದೊಡ್ಡ ಲೋಹದ ಬಿಂದು ಇರುತ್ತದೆ, ಸುತ್ತ ನಾಲ್ಕು ಸಣ್ಣವು. ನಿನ್ನದರಲ್ಲಿ ಸಣ್ಣವು ಇವೆ, ನಡುವಿನದು ಇಲ್ಲ. ದಶಕಗಳಿಂದ ಬಹುತೇಕ ಎಲ್ಲ ಕಂಪನಿಯ ಕ್ಯಾಮೆರಾ, ಫ್ಲ್ಯಾಶ್‌ಗಳು ಒಪ್ಪಿಕೊಂಡು ಬಂದ ಒಂದೇ ಸನ್ನೆ ಎಂದರೆ ಆ ನಡುವಿನ ಬಿಂದು. ಶಟರ್ ತೆರೆದೊಡನೆ ಆ ಬಿಂದುವಿಗೂ ಶೂವಿನ ಅಂಚಿನ ಲೋಹಕ್ಕೂ ಸಂಪರ್ಕ ಕೂಡುತ್ತದೆ, ಫ್ಲ್ಯಾಶ್ ಹೊಡೆಯುತ್ತದೆ. ಸಾದಾ ಟ್ರಿಗರ್‌ಗೆ ಈ ಒಂದು ಭಾಷೆ ಬಿಟ್ಟು ಬೇರೇನೂ ಗೊತ್ತಿಲ್ಲ. 2019ರಲ್ಲಿ ಬಂದ ನಿನ್ನ ಮಾದರಿಯಲ್ಲಿ ಕ್ಯಾನನ್ ಆ ಬಿಂದುವನ್ನೇ ಬಿಟ್ಟಿತು. ಅದರ ಕೆಳದರ್ಜೆಯ ಬೇರೆ ಕೆಲವು ಮಾದರಿಗಳ ಕತೆಯೂ ಇದೇ. ಹಾಗಾಗಿ 1500ಡಿ, 3000ಡಿ ಇಟ್ಟುಕೊಂಡಿರುವವರು ಮಾದರಿಯ ಹೆಸರು ನೋಡಿ ತೀರ್ಮಾನಿಸದೆ ತಮ್ಮ ಕೈಯಲ್ಲಿರುವ ಕ್ಯಾಮೆರಾದ ಶೂ ನೋಡಿಕೊಳ್ಳಿ. ಮೊದಲ ಕ್ಯಾಮೆರಾ ಕೊಳ್ಳುವ ಹುಡುಗ ಹುಡುಗಿಯರಿಗೇ ಹೀಗೆ ಬಾಗಿಲು ಹಾಕಿದ್ದು ನನಗೆ ಸರಿ ಕಾಣಲಿಲ್ಲ, ಇವತ್ತಿಗೂ ಕಂಡಿಲ್ಲ.

ದಾರಿ ಇದೆ. ಕ್ಯಾನನ್‌ಗೆಂದೇ ಮಾಡಿದ ಟಿಟಿಎಲ್ (ಲೆನ್ಸಿನ ಮೂಲಕ ಬೆಳಕು ಅಳೆದು ಫ್ಲ್ಯಾಶಿನ ಬಲವನ್ನು ಕ್ಯಾಮೆರಾವೇ ನಿರ್ಧರಿಸುವ) ಟ್ರಿಗರ್‌ಗಳು ಆ ನಾಲ್ಕು ಸಣ್ಣ ಬಿಂದುಗಳ ಮೂಲಕ ಕ್ಯಾಮೆರಾದ ಜೊತೆ ಮಾತಾಡುತ್ತವೆ. ಗೋಡಾಕ್ಸ್‌ನ ಎಕ್ಸ್2ಟಿ-ಸಿ ಅಂಥದ್ದು. ಕೊನೆಯ 'ಸಿ' ಎಂದರೆ ಕ್ಯಾನನ್. ನಿಕಾನ್‌ಗೆ 'ಎನ್', ಸೋನಿಗೆ 'ಎಸ್'. ಡಬ್ಬದ ಮೇಲೆ ಈ ಒಂದಕ್ಷರ ನೋಡದೆ ತಂದು ವಾಪಸ್ ಕೊಡಲು ಒದ್ದಾಡಿದವರನ್ನು ಕಂಡಿದ್ದೇನೆ. ಇದರ ಜೊತೆಗೆ ಅದೇ ಮನೆತನದ ಟಿಟಿ600 ಎಂಬ ಮ್ಯಾನುಯಲ್ ಫ್ಲ್ಯಾಶ್ ಸಾಕು, ಬಲವನ್ನು ಕೈಯಿಂದಲೇ ಹೊಂದಿಸುವಂಥದ್ದು. ಅದರ ಹೊಟ್ಟೆಯಲ್ಲೇ ರೇಡಿಯೋ ರಿಸೀವರ್ ಇದೆ, ಬೇರೆ ಕೊಳ್ಳಬೇಕಿಲ್ಲ. ನಿನ್ನ ಕ್ಯಾಮೆರಾ ನೆತ್ತಿಯ ಮೇಲೆ ನೇರವಾಗಿ ಕೂರಿಸಿದರೆ ಆ ಫ್ಲ್ಯಾಶ್ ಹೊಡೆಯುವುದಿಲ್ಲ, ಅದಕ್ಕೂ ನಡುವಿನ ಬಿಂದುವೇ ಬೇಕು. ಟ್ರಿಗರ್ ಮೂಲಕ ಮಾತ್ರ. ಅದು ನಷ್ಟವಲ್ಲ, ನಿನಗೆ ಬೇಕಿರುವುದೂ ದೂರದಲ್ಲಿಟ್ಟ ಬೆಳಕೇ.

ಒಂದು ಮಾತು. ಆನ್‌ಲೈನ್‌ನಲ್ಲಿ ತರಿಸಬೇಡ. ಕ್ಯಾಮೆರಾ ತಗೊಂಡು ಅಂಗಡಿಗೆ ಹೋಗು, ಟ್ರಿಗರ್ ಕೂರಿಸಿ ಫ್ಲ್ಯಾಶನ್ನು ಅಂಗಡಿಯ ಆ ತುದಿಗೆ ಇಡಿಸಿ ಇಪ್ಪತ್ತು ಸಲ ಹೊಡಿ. ಇಪ್ಪತ್ತಕ್ಕೆ ಇಪ್ಪತ್ತೂ ಹೊಡೆದರೆ ದುಡ್ಡು ಕೊಡು. ಟ್ರಿಗರ್‌ನಲ್ಲಿ ನಾನು ಮೊದಲು ನೋಡುವ ಗುಣ ಇದೊಂದೇ. ಪರದೆ ಎಷ್ಟು ದೊಡ್ಡದು, ಎಷ್ಟು ಗುಂಪಿನ ಫ್ಲ್ಯಾಶ್ ನಡೆಸುತ್ತದೆ ಎಂಬುದೆಲ್ಲ ಆಮೇಲಿನ ಮಾತು. ಹಿಂದೊಮ್ಮೆ ನಾಮಕರಣವೊಂದಕ್ಕೆ ಅಗ್ಗದ ಟ್ರಿಗರ್ ಕಟ್ಟಿಕೊಂಡು ಹೋಗಿದ್ದೆ. ಅಜ್ಜಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಗಳಿಗೆಗೇ ಅದು ಕೈಕೊಟ್ಟಿತು. ಆ ಚಿತ್ರದಲ್ಲಿ ಅಜ್ಜಿಯ ಮುಖ ಕತ್ತಲು, ಹಿಂದಿನ ಕಿಟಕಿ ಮಾತ್ರ ಬೆಳ್ಳಗೆ. ಮುಂದಿನ ವರ್ಷ ಅಜ್ಜಿ ತೀರಿಕೊಂಡರು. ಆ ಮನೆಯವರು ಇವತ್ತಿಗೂ ಆ ಫೋಟೋ ಕೇಳುತ್ತಾರೆ.

ಟ್ರಿಗರ್ ಬರುವ ತನಕ ಸುಮ್ಮನೆ ಕೂರಬೇಕಾಗಿಲ್ಲ. ನಿನ್ನ ಕ್ಯಾಮೆರಾದಲ್ಲಿ ತಲೆ ಎತ್ತುವ ಪುಟ್ಟ ಫ್ಲ್ಯಾಶ್ ಇದೆ. ದೊಡ್ಡ ಫ್ಲ್ಯಾಶನ್ನು ಸ್ಲೇವ್ ಸ್ಥಿತಿಗೆ, 'ಎಸ್2'ಗೆ ಇಡು. ಪುಟ್ಟದು ಮಿನುಗಿದ್ದನ್ನು ಕಂಡು ದೊಡ್ಡದು ತಾನೂ ಹೊಡೆಯುತ್ತದೆ. 'ಎಸ್1' ಬೇಡ. ಕ್ಯಾಮೆರಾ ಬೆಳಕು ಅಳೆಯಲು ಮೊದಲು ಒಮ್ಮೆ ಮಿನುಗಿಸುತ್ತದೆ, ಎಸ್1 ಅದಕ್ಕೇ ಮೋಸಹೋಗಿ ಮುಂಚೆಯೇ ಹೊಡೆದುಬಿಡುತ್ತದೆ. ಎಸ್2 ಆ ಮೊದಲ ಮಿನುಗನ್ನು ಬಿಟ್ಟು ಎರಡನೆಯದಕ್ಕೆ ಕಾಯುತ್ತದೆ. ಸುಣ್ಣ ಹೊಡೆದ ಗೋಡೆಯ ಚಿಕ್ಕ ಕೋಣೆಯಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಬಯಲಲ್ಲಿ, ಬಿಸಿಲಲ್ಲಿ ನಂಬಬೇಡ. ಪಕ್ಕದಲ್ಲಿ ಇನ್ನೊಬ್ಬ ಫೋಟೋಗ್ರಾಫರ್ ಇದ್ದರಂತೂ ಅವನ ಬೆಳಕಿಗೆಲ್ಲ ನಿನ್ನ ಫ್ಲ್ಯಾಶ್ ಓಗೊಡುತ್ತದೆ.

ಇನ್ನು ಬಣ್ಣದ ಮನೆ. ಆ ಜಾಗ ನನಗೂ ಗೊತ್ತು, ಅದಕ್ಕೇ ನಿನ್ನ ಪತ್ರ ಎರಡು ಸಲ ಓದಿದೆ. ಶಾಲೆಯ ಕೋಣೆ, ಮೇಲೊಂದು ಟ್ಯೂಬ್‌ಲೈಟು, ಚಾಪೆಯ ಮೇಲೆ ಕೂತ ದುರ್ಯೋಧನ ಒಂದು ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ಇನ್ನೊಂದು ಕೈಯಲ್ಲಿ ಮೀಸೆ ತೀಡಿಕೊಳ್ಳುತ್ತಿರುತ್ತಾನೆ. ಕ್ಯಾಮೆರಾ ನೆತ್ತಿಯಿಂದಲೇ ಫ್ಲ್ಯಾಶ್ ಹೊಡೆದರೆ ಬಣ್ಣ ಬಳಿದ ಮುಖ ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ, ಭುಜಕೀರ್ತಿಯ ಕನ್ನಡಿ ಚೂರುಗಳೆಲ್ಲ ಬಿಳಿ ಚುಕ್ಕೆಗಳಾಗಿ ಕಣ್ಣು ಕುಕ್ಕುತ್ತವೆ. ನಾನು ಒಮ್ಮೆ ನಟರೊಬ್ಬರ ಒಗೆದ ಬಿಳಿ ಪಂಚೆ ಕೇಳಿ ಪಡೆದು ಕಿಟಕಿಯ ಸರಳಿಗೂ ಬಾಗಿಲಿನ ಚಿಲಕಕ್ಕೂ ಕಟ್ಟಿ, ಅದರ ಹಿಂದೆ ಬೆಂಚಿನ ಮೇಲೆ ಫ್ಲ್ಯಾಶ್ ಇಟ್ಟೆ. ಒಂದೇ ಫ್ಲ್ಯಾಶ್, 1/8 ಶಕ್ತಿ, ಅಂದರೆ ಪೂರ್ತಿ ಬಲದ ಎಂಟನೇ ಒಂದು ಭಾಗ. ಬೆಳಕು ಬೆಳಗಿನ ಕಿಟಕಿಯಿಂದ ಬಂದ ಹಾಗೆ ಒಂದು ಕೆನ್ನೆಯ ಮೇಲೆ ಇಳಿಯಿತು. ಇನ್ನೊಂದು ಕೆನ್ನೆ ಅರೆಗತ್ತಲು. ಒಣಗದ ಬಣ್ಣದಲ್ಲಿ ಅವರ ಬೆರಳಿನ ಗೆರೆ ಕೂಡ ಕಂಡಿತು. ಪಕ್ಕದಿಂದ ಬಂದ ಬೆಳಕು ಕನ್ನಡಿ ಚೂರಿಗೆ ತಾಗಿ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ, ಲೆನ್ಸಿಗೆ ವಾಪಸ್ ಬರುವುದಿಲ್ಲ. ಮೊದಲು ಅವರನ್ನು ಕೇಳಿ ಆಮೇಲೆ ಹೊಡಿ. ಮೀಸೆ ತೀಡುವಾಗ ಬೆಳಕು ಬಡಿದರೆ ಕೈ ನಡುಗುತ್ತದೆ.

ಟ್ರಿಗರ್‌ನ ಚಾನೆಲ್ 1ರಲ್ಲೇ ಬಿಡಬೇಡ, ಎಲ್ಲರದೂ ಅಲ್ಲೇ ಇರುತ್ತದೆ. ಊರಹಬ್ಬಕ್ಕೆ ಬಂದ ವಿಡಿಯೋದವರ, ಫೋಟೋದವರ ಟ್ರಿಗರ್ ಕೂಡ ನಿನ್ನದು ಬಳಸುವ ಅದೇ ರೇಡಿಯೋ ತರಂಗ, 2.4 ಗಿಗಾಹರ್ಟ್ಸ್‌ನಲ್ಲಿರಬಹುದು. ಬೇರೆ ಚಾನೆಲ್ ಇಟ್ಟು ಐಡಿ ಸಂಖ್ಯೆಯನ್ನೂ ಬದಲಿಸು, ಟ್ರಿಗರ್‌ನಲ್ಲೂ ಫ್ಲ್ಯಾಶ್‌ನಲ್ಲೂ ಒಂದೇ ಇರಲಿ. ಉಳಿದ ದುಡ್ಡಿಗೆ ಒಳ್ಳೆಯ ರೀಚಾರ್ಜ್ ಸೆಲ್ ಎರಡು ಜೊತೆ ತಗೋ. ಹಬ್ಬ ಮುಗಿದ ಮೇಲೆ ಸೆಲ್ ಒಳಗೇ ಬಿಟ್ಟು ಬೀರುವಿನಲ್ಲಿಡಬೇಡ, ಸೋರಿದರೆ ಸ್ಪ್ರಿಂಗ್ ತಿಂದುಬಿಡುತ್ತವೆ.

ಪ್ರಶ್ನೆ: ನಾನು ಮಧುಗಿರಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ನಿಕಾನ್ ಡಿ5600 ಇದೆ. ಬೆಟ್ಟದ ಹಿನ್ನೆಲೆಯಲ್ಲಿ ಮಗಳನ್ನು ನಿಲ್ಲಿಸಿ ಹಗಲಲ್ಲಿ ಫ್ಲ್ಯಾಶ್ ಹೊಡೆದರೆ ಚಿತ್ರದ ಕೆಳಭಾಗದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಟ್ರಿಗರ್ ದೋಷವೇ? ಟಿಟಿಎಲ್ ಇರುವುದನ್ನೇ ಕೊಳ್ಳಬೇಕೇ?

ಉತ್ತರ: ಮೇಷ್ಟ್ರೇ, ನೀವು ಶಟರ್ ವೇಗವನ್ನು 1/500 ಅಥವಾ ಅದಕ್ಕೂ ಹೆಚ್ಚು ಇಟ್ಟಿರಬೇಕು. ಶಟರ್‌ನಲ್ಲಿ ಎರಡು ಪರದೆ. ಒಂದು ಸರಿದು ಚಿತ್ರ ಹಿಡಿಯುವ ಸೆನ್ಸರ್ ತೆರೆಯುತ್ತದೆ, ಇನ್ನೊಂದು ಹಿಂದೆಯೇ ಬಂದು ಮುಚ್ಚುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಸೆನ್ಸರ್ ಒಮ್ಮೆಗೇ ಪೂರ್ತಿ ತೆರೆದಿರುವುದು 1/200 ಸೆಕೆಂಡಿನ ತನಕ ಮಾತ್ರ. ಅದಕ್ಕಿಂತ ವೇಗ ಇಟ್ಟರೆ ಫ್ಲ್ಯಾಶ್ ಹೊಡೆಯುವಷ್ಟರಲ್ಲಿ ಎರಡನೇ ಪರದೆ ಇಳಿಯಲು ಶುರುಮಾಡಿರುತ್ತದೆ. ಸೆನ್ಸರ್ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದು ನಿಮಗೆ ಹೇಳಬೇಕಾಗಿಲ್ಲ. ಮೇಲಿಂದ ಇಳಿದ ಪರದೆಯ ನೆರಳು ಚಿತ್ರದಲ್ಲಿ ಕೆಳಗೆ ಕಾಣುವುದು ಅದಕ್ಕೇ. 1/200ಕ್ಕೆ ಇಳಿಸಿ. ಟ್ರಿಗರ್ ತುಸು ನಿಧಾನದ್ದಾಗಿದ್ದರೆ 1/160.

ಆಗ ಬಿಸಿಲು ಹೆಚ್ಚಾಗುತ್ತದೆ ಎನ್ನುತ್ತೀರಿ. ಹೌದು. ನೆತ್ತಿಯ ಬಿಸಿಲಿಗೆ ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಶಟರ್ 1/200 ಇಟ್ಟರೆ ಅಪರ್ಚರ್ ಎಫ್/11ರ ಆಸುಪಾಸಿಗೆ ಬರುತ್ತದೆ. ಅಷ್ಟು ಚಿಕ್ಕ ಕಿಂಡಿಯಿಂದ ಫ್ಲ್ಯಾಶ್ ಬೆಳಕೂ ಒಳಗೆ ಬರಬೇಕಾದ್ದರಿಂದ ಫ್ಲ್ಯಾಶನ್ನು ಮಗಳಿಗೆ ಎರಡು ಮೀಟರ್ ಒಳಗೆ ತನ್ನಿ, ಬೆಳಕು ಹರಡುವ ಕೊಡೆ ಗಿಡೆ ಬೇಡ, ಬರೀ ಫ್ಲ್ಯಾಶ್. ಬೆಟ್ಟ ಹೇಗೂ ಪೂರ್ತಿ ಸ್ಪಷ್ಟ ಬರುತ್ತದೆ. ಆ ಏಕಶಿಲೆಯನ್ನು ಮಸುಕು ಮಾಡುವುದು ನನಗಂತೂ ಇಷ್ಟವಿಲ್ಲ. ಹೈಸ್ಪೀಡ್ ಸಿಂಕ್ ಎಂಬ ಸೌಲಭ್ಯ ಕ್ಯಾಮೆರಾ, ಟ್ರಿಗರ್, ಫ್ಲ್ಯಾಶ್ ಮೂರರಲ್ಲೂ ಇದ್ದರೆ 1/1000ಕ್ಕೂ ಪಟ್ಟಿ ಬರುವುದಿಲ್ಲ, ಆದರೆ ನಿಮ್ಮ ಡಿ5600ರಲ್ಲಿ ಅದಿಲ್ಲ. ಇದ್ದವರಿಗೂ ಫ್ಲ್ಯಾಶ್ ಒಂದೇ ಏಟಿಗೆ ಹೊಡೆಯುವ ಬದಲು ಚೂರುಚೂರಾಗಿ ಮಿಡಿಯುವುದರಿಂದ ಬೆಳಕಿನ ಬಲ ಬಹಳ ಇಳಿಯುತ್ತದೆ. ಸಂಜೆ ಐದೂವರೆಗೆ ಹೋಗಿ, ದುಡ್ಡೂ ಉಳಿಯುತ್ತದೆ.

ಟಿಟಿಎಲ್ ನಿಮಗೆ ಬೇಡ. ಓಡಾಡುವ ಮದುವೆಯಲ್ಲಿ ಅದು ಬೇಕು, ದೂರ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ನಿಂತ ಮಗಳಿಗೆ ಮ್ಯಾನುಯಲ್ಲೇ ಚೆಂದ, ಒಮ್ಮೆ ಕೂಡಿಬಂದ ಬೆಳಕು ನೂರು ಚಿತ್ರಕ್ಕೂ ಹಾಗೇ ಇರುತ್ತದೆ. ಒಂದು ಮೀಟರಿಗೆ 1/16 ಶಕ್ತಿ ಸರಿಹೋದರೆ ಎರಡು ಮೀಟರಿಗೆ 1/4 ಬೇಕು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ ಎಂಬ ಪಾಠವನ್ನು ಶಾಲೆಯಲ್ಲಿ ಮಕ್ಕಳಿಗೆ ಈ ಫ್ಲ್ಯಾಶ್ ಇಟ್ಟುಕೊಂಡೇ ತೋರಿಸಿ. ಕಪ್ಪು ಹಲಗೆ, ಒಂದು ಟೇಪು ಸಾಕು.

ಪ್ರಶ್ನೆ: ನಾಗವಲ್ಲಿ ಕಡೆ ರಾತ್ರಿ ಕಾಡುಪಾಪ ನೋಡಲು ಹೋಗುತ್ತೇವೆ. ಮರದ ಎರಡು ಕಡೆ ಫ್ಲ್ಯಾಶ್ ಕಟ್ಟಿ ದೂರದಿಂದ ಹೊಡೆಯಬೇಕೆಂದಿದ್ದೇನೆ. ಎಷ್ಟು ದೂರ ತಲುಪುವ ಟ್ರಿಗರ್ ಬೇಕು?

ಉತ್ತರ: ದಯವಿಟ್ಟು ಮಾಡಬೇಡಿ. ನಮ್ಮ ತುಮಕೂರು ಸೀಮೆಯ ಭಾಗ್ಯ ಆ ಪ್ರಾಣಿ. ಮುಖದ ತುಂಬ ಕಣ್ಣೇ ಇರುವ ಜೀವ ಅದು. ಕತ್ತಲಿನ ತುಣುಕು ಬೆಳಕನ್ನೂ ಹಿಡಿಯಲು ಆ ಕಣ್ಣಿನ ಹಿಂದೆ ಬೆಳಕು ಮರಳಿಸುವ ಪದರವಿದೆ. ಅಂಥ ಕಣ್ಣಿಗೆ ಎರಡು ಕಡೆಯಿಂದ ಫ್ಲ್ಯಾಶ್ ಹೊಡೆದರೆ ಅದು ಕೊಂಬೆಯ ಮೇಲೆ ಸ್ವಲ್ಪ ಹೊತ್ತು ಕುರುಡಾಗಿ ಕೂರಬೇಕಾಗಬಹುದು, ಗೂಬೆ ಬೆಕ್ಕು ಪಕ್ಕದಲ್ಲೇ ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ. ಮಂದ ಕೆಂಪು ಬೆಳಕಿನಲ್ಲಿ ಸ್ವಲ್ಪ ಹೊತ್ತು ನೋಡಿ ಬನ್ನಿ. ಟ್ರಿಗರ್ ಮೇಲೆ ಆಸೆಯಿದ್ದರೆ ಮಳೆ ಬಿದ್ದ ಮಾರನೇ ಬೆಳಿಗ್ಗೆ ದೇವರಾಯನದುರ್ಗದ ದಾರಿಯಲ್ಲಿ ಜೇಡರಬಲೆಯ ಹಿಂದೆ ಒಂದು ಫ್ಲ್ಯಾಶ್ ಇಟ್ಟು 1/64ರಲ್ಲಿ ಹೊಡೆಯಿರಿ. ಹನಿಗಳು ಒಂದೊಂದೂ ಹೊತ್ತಿಕೊಳ್ಳುತ್ತವೆ.

ಪ್ರಶ್ನೆ: ಕೋಲಾರದಲ್ಲಿ ನಮ್ಮ ತಂದೆ ಸ್ಟುಡಿಯೋ ನಡೆಸುತ್ತಿದ್ದರು. ಅವರ ಹಳೆಯ ಫ್ಲ್ಯಾಶ್ ಇನ್ನೂ ಹೊಡೆಯುತ್ತದೆ. ಹೊಸ ಟ್ರಿಗರ್‌ಗೆ ಜೋಡಿಸಬಹುದೇ?

ಉತ್ತರ: ಅಪ್ಪನ ಫ್ಲ್ಯಾಶ್ ಎಂದು ಓದಿ ನನ್ನ ಮನೆಯೂ ನೆನಪಾಯಿತು. ನಮ್ಮಪ್ಪನ ಕಾಲದಲ್ಲಿ ಟ್ರಿಗರ್ ಎಂದರೆ ಕ್ಯಾಮೆರಾದಿಂದ ಫ್ಲ್ಯಾಶಿಗೆ ಎಳೆದ ಸಿಂಕ್ ವೈರು. ನಾನು ಡಿಗ್ರಿ ಓದುವಾಗ ಛತ್ರವೊಂದರಲ್ಲಿ ಮಗುವೊಂದು ಓಡಿ ಬಂದು ಅದಕ್ಕೆ ಕಾಲು ಸಿಕ್ಕಿಸಿಕೊಂಡಿತು. ಸ್ಟ್ಯಾಂಡು ಕೊಡೆ ಎಲ್ಲ ಹಸೆಮಣೆಯ ಪಕ್ಕಕ್ಕೇ ಬಿತ್ತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಅಪ್ಪ ಅವತ್ತು ಊಟ ಮಾಡಲಿಲ್ಲ. ವೈರಿಲ್ಲದ ಟ್ರಿಗರ್ ಮೊದಲ ಸಲ ಕೈಗೆ ಬಂದಾಗ ನನಗೆ ನೆನಪಾದದ್ದು ಆ ಮಗು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಕೂಡಲೇ ಜೋಡಿಸಬೇಡಿ. ಹಳೆಯ ಕೆಲವು ಫ್ಲ್ಯಾಶ್‌ಗಳ ಪಾದದಲ್ಲಿ, ಅಂದರೆ ಕ್ಯಾಮೆರಾ ನೆತ್ತಿಗೆ ಕೂರುವ ಬುಡದಲ್ಲಿ, 200 ವೋಲ್ಟ್‌ಗೂ ಮೀರಿ ಇರುತ್ತದೆ. ಇವತ್ತಿನ ಟ್ರಿಗರ್, ಕ್ಯಾಮೆರಾಗಳ ಎಲೆಕ್ಟ್ರಾನಿಕ್ಸ್ ಅದನ್ನು ತಾಳದೆ ಸುಟ್ಟುಹೋಗಬಹುದು. ಫ್ಲ್ಯಾಶಿಗೆ ಸೆಲ್ ಹಾಕಿ, ರೆಡಿ ದೀಪ ಹೊತ್ತಿದ ಮೇಲೆ ಮಲ್ಟಿಮೀಟರ್‌ನ ಡಿಸಿ 600 ವೋಲ್ಟ್ ಜಾಗದಲ್ಲಿಟ್ಟು ಒಂದು ಕಡ್ಡಿ ಪಾದದ ನಡುವಿನ ಬಿಂದುವಿಗೆ, ಇನ್ನೊಂದು ಪಕ್ಕದ ಲೋಹಕ್ಕೆ ಹಿಡಿಯಿರಿ. ಬೆರಳು ತಾಗದಿರಲಿ. 6 ವೋಲ್ಟ್‌ಗಿಂತ ಕಡಿಮೆ ಬಂದರೆ ಚಿಂತೆಯಿಲ್ಲ. ಹೆಚ್ಚು ಬಂದರೆ ಟ್ರಿಗರ್ ಪುಸ್ತಕದಲ್ಲಿ ಎಷ್ಟು ತಾಳುತ್ತದೆಂದು ಬರೆದಿರುವುದಕ್ಕೆ ಹೋಲಿಸಿ. ಅದನ್ನೂ ಮೀರಿದರೆ ಪಾದಕ್ಕೆ ಸಿಕ್ಕಿಸುವ ಬೆಳಕು ಗ್ರಹಿಸುವ ಸ್ಲೇವ್ ಸಿಗುತ್ತದೆ, ಹೆಚ್ಚು ವೋಲ್ಟೇಜ್ ತಾಳುವಂಥದ್ದನ್ನೇ ಕೇಳಿ ತನ್ನಿ. ಇನ್ನೊಂದು ಫ್ಲ್ಯಾಶಿನ ಬೆಳಕಿಗೆ ಅಪ್ಪನದು ಹೊಡೆಯುತ್ತದೆ, ಕ್ಯಾಮೆರಾಗೂ ಅದಕ್ಕೂ ನೇರ ಸಂಬಂಧವೇ ಇರುವುದಿಲ್ಲ. ಪಾದದ ಲೋಹ ಮಂಕಾಗಿದ್ದರೆ ಸೆಲ್ ತೆಗೆದು, ಒಂದೆರಡು ದಿನ ಬಿಟ್ಟು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಮೀಟರ್ ಎಷ್ಟು ತೋರಿಸಿತು, ಫ್ಲ್ಯಾಶ್ ಯಾವ ಮಾದರಿ ಎಂದು ಬರೆದು ಕಳಿಸಿ. ಮುಂದಿನ ತಿಂಗಳು ಅದಕ್ಕೆ ಹೊಂದುವ ಸ್ಲೇವ್ ಯಾವುದೆಂದು ಹೇಳುತ್ತೇನೆ.