ಉದ್ಯಮಶೀಲತೆ ಕೋರ್ಸ್‌ನಲ್ಲಿ ಡಿಜಿಟಲ್ ಟೂಲ್ ಬಳಸಿದರೆ ವಿದ್ಯಾರ್ಥಿಗಳಿಗೆ ಕೆಲಸ ಸಿಗೋಕೆ ಅನುಕೂಲ ಆಗುತ್ತಾ?

ಆಗುತ್ತದೆ, ಸ್ವಂತ ಬಿಸಿನೆಸ್ ಮಾಡದವರಿಗೂ. ಆದರೆ ಆ ಟೂಲ್ ಅವರನ್ನು ಗುರುತು ಪರಿಚಯ ಇಲ್ಲದವರ ಮುಂದೆ ನಿಲ್ಲಿಸಬೇಕು.

ನಾನು ಕೊನೆ ವರ್ಷದವರಿಗೆ ಈ ವಿಷಯ ಪಾಠ ಮಾಡುತ್ತೇನೆ. ಮೊದಲೆಲ್ಲ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್‌ನ (ಒಂದು ಬಿಸಿನೆಸ್ ಹೇಗೆ ನಡೆಯುತ್ತದೆ ಅಂತ ಒಂದೇ ಹಾಳೆಯಲ್ಲಿ ತೋರಿಸುವ ನಕ್ಷೆ) 9 ಚೌಕಗಳನ್ನು ಆನ್‌ಲೈನ್ ಬೋರ್ಡ್‌ನಲ್ಲಿ ಬಣ್ಣಬಣ್ಣದ ಚೀಟಿಗಳಿಂದ ತುಂಬಿಸುತ್ತಿದ್ದೆ. ನೋಡೋಕೆ ಚೆಂದ. ಇಂಟರ್‌ವ್ಯೂನಲ್ಲಿ ಮಾತ್ರ ಅದರ ಬಗ್ಗೆ ಎರಡು ಮಾತು ಆಡಲು ಯಾರಿಗೂ ಆಗುತ್ತಿರಲಿಲ್ಲ. ಎಲ್ಲಾ ಸುಮ್ನೆ ಊಹೆ ಅಲ್ವಾ!

ಅಮೆರಿಕದ ಉದ್ಯಮಿ ಸ್ಟೀವ್ ಬ್ಲಾಂಕ್ 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಕೋರ್ಸ್ ಶುರು ಮಾಡಿದರು. ಅಲ್ಲಿ ತರಗತಿಯಿಂದ ಹೊರಗೆ ಹೋಗಿ ಗ್ರಾಹಕರನ್ನು ಮಾತಾಡಿಸುವುದೇ ಮುಖ್ಯ ಕೆಲಸ. ಅದನ್ನೇ ಹಿಡಿದೆ. ಮೊದಲು ಹತ್ತು ಅಪರಿಚಿತರ ಜೊತೆ ಮಾತು, ಅವತ್ತೇ ಆನ್‌ಲೈನ್ ಶೀಟ್‌ನಲ್ಲಿ ಟಿಪ್ಪಣಿ. ಆಮೇಲೆ ಕೋಡಿಂಗ್ ಬೇಡದ ಒಂದು ಪುಟದ ವೆಬ್‌ಸೈಟ್.

ಒಂದು ತಂಡ ಹಳೆ ಪಠ್ಯಪುಸ್ತಕ ಬಾಡಿಗೆಗೆ ಕೊಡುವ ಪುಟ ಮಾಡಿತ್ತು. 140 ಜನ ಬಂದರು, ಫಾರ್ಮ್ ತುಂಬಿದ್ದು 6 ಜನ. ಬಟನ್ ಬಣ್ಣ ಬದಲಿಸೋಣ ಅಂತ ಅವರಲ್ಲೇ ಜಗಳ. ಯಾರಾದರೂ ಫಾರ್ಮ್ ತುಂಬುವಾಗ ಪಕ್ಕದಲ್ಲಿ ಕೂತು ನೋಡಿ ಅಂದೆ. ಫೋನ್ ನಂಬರ್ ಕೇಳುವ ಜಾಗಕ್ಕೆ ಬಂದಾಗ ತುಂಬುತ್ತಿದ್ದ ಹುಡುಗನ ಹೆಬ್ಬೆರಳು ನಿಂತಿತು. ಪುಟ ಮುಚ್ಚಿದ. ನಂಬರ್ ಕೇಳುವುದನ್ನು ತೆಗೆಸಿದೆ, ಬೇರೆ ಏನನ್ನೂ ಮುಟ್ಟಲು ಬಿಡಲಿಲ್ಲ. ಮುಂದಿನ ವಾರ ಹೆಚ್ಚುಕಡಿಮೆ ಅಷ್ಟೇ ಜನ ಬಂದರು, ತುಂಬಿದವರು 31.

ಆ ಬಿಸಿನೆಸ್ ಶುರುವಾಗಲೇ ಇಲ್ಲ. ಆದರೆ ತಂಡದ ಒಬ್ಬಳನ್ನು ಇಂಟರ್‌ವ್ಯೂನಲ್ಲಿ, ನಿಮ್ಮ ಅಂದಾಜು ತಪ್ಪಾದಾಗ ಏನು ಮಾಡಿದಿರಿ ಅಂತ ಕೇಳಿದರಂತೆ. ಅವಳು ಆ ಶೀಟ್ ತೆರೆದು ತೋರಿಸಿದಳು. ಉಳಿದ ಹೊತ್ತೆಲ್ಲ ಅದೇ ಮಾತು. ಕೆಲಸ ಸಿಕ್ಕಿತು.

ಬಿಸಿನೆಸ್ ನಡೆಸಿದಂತೆ ಆಡುವ ಸಿಮ್ಯುಲೇಶನ್ ಗೇಮ್‌ಗಳು ಕ್ಯಾಶ್ ಫ್ಲೋ (ದುಡ್ಡು ಬರುವುದು, ಹೋಗುವುದು) ಅರ್ಥ ಮಾಡಿಸಲು ಪರವಾಗಿಲ್ಲ. ಜಾಸ್ತಿ ಆಡಿಸಿದರೆ ಮಕ್ಕಳು ಗೇಮ್ ಗೆಲ್ಲುವುದನ್ನಷ್ಟೇ ಕಲಿಯುತ್ತಾರೆ. ಬಿಸಿನೆಸ್ ಪ್ಲಾನ್‌ಗೆ ಅಂಕ ಕೊಡುವುದನ್ನೂ ಬಿಟ್ಟಿದ್ದೇನೆ, ಚಾಟ್‌ಬಾಟ್ ಅದನ್ನು ನಿಮಿಷದಲ್ಲಿ ಬರೆದುಕೊಡುತ್ತದೆ. ಈಗ ಅಂಕ ಟಿಪ್ಪಣಿಗಳಿಗೆ. ಯುರೋಪಿಯನ್ ಕಮಿಷನ್ 2016ರಲ್ಲಿ ತಂದ ಆಂಟ್ರೆಕಾಂಪ್ ಅನ್ನುವ ಉದ್ಯಮಶೀಲತೆ ಚೌಕಟ್ಟಿನಲ್ಲಿ 15 ಸಾಮರ್ಥ್ಯಗಳಿವೆ. ಅದರಲ್ಲಿ ಎರಡನ್ನು ಮಾತ್ರ ನೋಡುತ್ತೇನೆ: ಅನುಭವದಿಂದ ಕಲಿಯುವುದು, ಅನಿಶ್ಚಿತತೆ ನಿಭಾಯಿಸುವುದು.

ಇನ್ನೊಂದು ಮಾತು. ಸೆಮಿಸ್ಟರ್ ಮುಗಿದ ದಿನವೇ ಫಾರ್ಮ್‌ನಲ್ಲಿ ಜನ ಕೊಟ್ಟ ಇಮೇಲ್ ವಿಳಾಸಗಳನ್ನು ಅಳಿಸಿಸಿ. ನಾನು ಮೊದಲ ಸಲ ಮರೆತಿದ್ದೆ. ಪುಸ್ತಕ ಯಾವಾಗ ಬರುತ್ತೆ ಅಂತ ಒಬ್ಬರು ತಿಂಗಳುಗಟ್ಟಲೆ ಕೇಳುತ್ತಿದ್ದರು.