ಗೋಡೆಯ ಮೇಲಿನ ಹಕ್ಕಿ

ಪ್ರಶ್ನೆ: ನ್ಯೂಯಾರ್ಕಿನಲ್ಲಿರುವ ಮಗಳು ಅಲ್ಲಿಯ ಅಂಗಡಿಗಳ ಶಟರ್‌ಗಳ ಮೇಲೆ ಬರೆದ ಹಕ್ಕಿಗಳ ಫೋಟೊ ಕಳುಹಿಸಿದ್ದಾಳೆ. ನಾವೂ ನಮ್ಮ ಬಡಾವಣೆಯ ಪಾರ್ಕಿನ ಕಾಂಪೌಂಡಿಗೆ ಹಾಗೆ ಬರೆಸಬೇಕೆಂದಿದ್ದೇವೆ. ಇದರಿಂದ ಹಕ್ಕಿಗಳಿಗೆ ಪ್ರಯೋಜನವಿದೆಯೇ?
– ಓದುಗರು, ಮೈಸೂರು

ಉತ್ತರ: ನಿಮ್ಮ ಮಗಳು ಕಂಡಿರುವುದು ಬಹುಶಃ ಆಡುಬಾನ್ ಭಿತ್ತಿಚಿತ್ರ ಯೋಜನೆಯನ್ನು. ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ಉತ್ತರ ಭಾಗದಲ್ಲಿರುವ ಹಾರ್ಲೆಮ್, ವಾಷಿಂಗ್ಟನ್ ಹೈಟ್ಸ್ ಬಡಾವಣೆಗಳಲ್ಲಿ ಅಲ್ಲಿನದೇ ಒಂದು ಕಲಾ ಗ್ಯಾಲರಿ ಮತ್ತು ಹಕ್ಕಿಗಳ ರಕ್ಷಣೆಗೆ ದುಡಿಯುವ ರಾಷ್ಟ್ರೀಯ ಆಡುಬಾನ್ ಸೊಸೈಟಿ ಸೇರಿ 2014ರಲ್ಲಿ ಇದನ್ನು ಆರಂಭಿಸಿದವು. ಅಮೆರಿಕದ ಹಕ್ಕಿಗಳನ್ನು 435 ಫಲಕಗಳಲ್ಲಿ ಚಿತ್ರಿಸಿದ, ಈ ಸೊಸೈಟಿಗೆ ಯಾರ ಹೆಸರಿದೆಯೋ ಆ ಜಾನ್ ಜೇಮ್ಸ್ ಆಡುಬಾನ್ ಕೊನೆಯ ವರ್ಷಗಳನ್ನು ಕಳೆದದ್ದು ಇಲ್ಲಿಯೇ. ಅವರ ಸಮಾಧಿ 155ನೇ ಬೀದಿಯ ಬಳಿಯ ಟ್ರಿನಿಟಿ ಸ್ಮಶಾನದಲ್ಲಿದೆ. (ಅವರು ಗುಲಾಮರನ್ನು ಇಟ್ಟುಕೊಂಡಿದ್ದವರೆಂಬುದನ್ನೂ ಮರೆಯುವಂತಿಲ್ಲ, ಆ ಕಾರಣಕ್ಕೆ ಸೊಸೈಟಿಯ ನ್ಯೂಯಾರ್ಕ್ ನಗರದ ಶಾಖೆ 2024ರಲ್ಲಿ ಅವರ ಹೆಸರನ್ನೇ ಕೈಬಿಟ್ಟಿತು.)

ಶಟರಿನ ತಗಡು ಅಡ್ಡ ಪಟ್ಟಿಗಳಿಂದ ಕೂಡಿರುವುದರಿಂದ ಹಕ್ಕಿಯ ಕೊಕ್ಕು, ಕಣ್ಣು, ರೆಕ್ಕೆಗಳ ಗೆರೆಗಳನ್ನು ಆ ಏರುತಗ್ಗುಗಳ ಮೇಲೆಯೇ ಎಳೆಯಬೇಕಾಗುತ್ತದೆ. ಅಂಗಡಿ ತೆರೆದಾಗ ಹಕ್ಕಿ ಸುರುಳಿಯೊಳಗೆ ಸೇರಿಕೊಳ್ಳುತ್ತದೆ, ಬಾಗಿಲು ಹಾಕಿದ ಮೇಲೆ ಬೀದಿಗೆ ಕಾಣುತ್ತದೆ. ಆದರೆ ಈ ಯೋಜನೆಯ ನಿಜವಾದ ಬಲವಿರುವುದು ಹಕ್ಕಿಗಳ ಆಯ್ಕೆಯಲ್ಲಿ ಎಂದು ನಾನು ಭಾವಿಸುತ್ತೇನೆ. ಸೊಸೈಟಿಯು 2014ರಲ್ಲಿ ಉತ್ತರ ಅಮೆರಿಕದ 588 ಪ್ರಭೇದಗಳನ್ನು ಅಧ್ಯಯನ ಮಾಡಿ, ಹವಾಮಾನ ಬದಲಾವಣೆಯಿಂದ 314 ಪ್ರಭೇದಗಳು ಅಪಾಯಕ್ಕೆ ಸಿಲುಕಲಿವೆ ಎಂದು ವರದಿ ನೀಡಿತು. 2019ರ ವರದಿಯಲ್ಲಿ ಆ ಸಂಖ್ಯೆ 389ಕ್ಕೆ ಏರಿತು. ಗೋಡೆಗೆ ಬಂದಿರುವುದು ಈ ಪಟ್ಟಿಯ ಹಕ್ಕಿಗಳೇ ಆದ್ದರಿಂದ ಪ್ರತಿಯೊಂದು ಚಿತ್ರಕ್ಕೂ ಒಂದು ಹೆಸರಿದೆ, ಹೇಳಬೇಕಾದ ಸಂಗತಿಯಿದೆ.

ಚಿತ್ರವೊಂದರಿಂದಲೇ ಹಕ್ಕಿ ಉಳಿಯುವುದಿಲ್ಲ. ನ್ಯೂಯಾರ್ಕಿನಲ್ಲಿ ವಲಸೆ ಹಕ್ಕಿಗಳು ಗಾಜಿನ ಕಟ್ಟಡಗಳಿಗೆ ಡಿಕ್ಕಿ ಹೊಡೆದು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತವೆ. ಅದಕ್ಕೆ ಮದ್ದಾಗಿ ಬಂದದ್ದು, ಹೊಸ ಕಟ್ಟಡಗಳ ಕೆಳಭಾಗಕ್ಕೆ ಹಕ್ಕಿಗಳ ಕಣ್ಣಿಗೆ ಬೀಳುವಂಥ ಗಾಜನ್ನೇ ಬಳಸಬೇಕೆಂದು 2020ರಲ್ಲಿ ಮಾಡಿದ ಕಾನೂನು. ಹೆಸರು ಗೊತ್ತಿರುವ ಹಕ್ಕಿಗಾಗಿ ಇಂಥ ಕಾನೂನು ಕೇಳುವ ಜನ ಹೆಚ್ಚುತ್ತಾರೆ ಎಂಬುದೇ ಚಿತ್ರದ ಮೇಲೆ ನನಗಿರುವ ಭರವಸೆ.

ನೀವು ಬರೆಸುವಾಗ ಎಲ್ಲಿಯೂ ಇಲ್ಲದ ಬಣ್ಣದ ಹಕ್ಕಿ ಬೇಡ. ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ, ನಿಮ್ಮ ಪಾರ್ಕಿನ ಪಿಕಳಾರ, ಸೂರಕ್ಕಿಗಳನ್ನು ಕೊಕ್ಕು, ಬಣ್ಣ ತಪ್ಪದಂತೆ ಬರೆಸಿ, ಕೆಳಗೆ ಕನ್ನಡದ ಹೆಸರನ್ನೂ ಅವು ಗೂಡು ಕಟ್ಟುವ ಮರದ ಹೆಸರನ್ನೂ ಹಾಕಿಸಿ. ಕಾಂಪೌಂಡಿಗೆ ಬಣ್ಣ ಬಳಿಯಲು ಅಡ್ಡವೆಂದು ಪಾರ್ಕಿನ ಕೊಂಬೆಗಳನ್ನು ಮಾತ್ರ ದಯವಿಟ್ಟು ಕಡಿಸಬೇಡಿ.